ಟೇಬಲ್ ಹಂಚಿಕೊಂಡವರು

ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಎಂಟು ಗಂಟೆಗೆ, ನಾನು ಒಬ್ಬರ ಎದುರು ಕೂತು ತಿಂಡಿ ತಿಂದಿದ್ದೇನೆ. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮುಂಬಯಿಯ ಬೊರಿವಲಿಯಲ್ಲಿ ಹೇಳಿದರೆ, ಅದರಲ್ಲೇನು ವಿಶೇಷ ಎಂದು ಕೇಳುತ್ತಾರೆ.

ನಮ್ಮ ಹಳೆಯ ಬಿಲ್ಡಿಂಗಿನ ಕೆಳಗೆ ಒಂದು ಉಡುಪಿ ಹೋಟೆಲಿತ್ತು. ಹತ್ತು ಟೇಬಲ್, ನಲವತ್ತು ಕುರ್ಚಿ, ಬೆಳಗಿನ ಹೊತ್ತು ಎಂಬತ್ತು ಜನ. ಅಲ್ಲಿ ಇಡೀ ಟೇಬಲ್ ತನಗೊಬ್ಬನಿಗೇ ಬೇಕೆಂದು ಯಾರಾದರೂ ಕೂತರೆ ಅವನಿಗೆ ತಲೆ ಸರಿಯಿಲ್ಲವೆಂದೇ ಲೆಕ್ಕ. ಖಾಲಿ ಕುರ್ಚಿ ಕಂಡಲ್ಲಿ ಕೂರುವುದು, ಎದುರಿನವರ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸುವುದು, ಅಷ್ಟೇ. ಹೆಸರು ಕೇಳುವಂತಿಲ್ಲ, ಮನೆ ಎಲ್ಲಿ ಎಂದು ಕೇಳುವಂತಿಲ್ಲ. ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಹುಟ್ಟಿದ ಈ ರೂಢಿ ಯಾವ ಗಡಿಬಿಡಿಯೂ ಇಲ್ಲದ ನನ್ನಂಥವನಿಗೂ ಅಂಟಿಕೊಂಡಿತ್ತು.

ನಾನು ಪೂವಪ್ಪ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಪಂಪ್ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರ ಮೇಲೆ ಸಿಡುಕುತ್ತೇನೆ, ಹಾಗಾಗಿ ಈಗ ಯಾರೂ ಕೇಳುವುದಿಲ್ಲ. ಅಡುಗೆ ಬರುವುದಿಲ್ಲ. ದಿನಕ್ಕೊಮ್ಮೆ ಇನ್ನೊಬ್ಬ ಮನುಷ್ಯನ ಮುಖ ನೋಡಿಕೊಂಡು ತಿನ್ನುವ ಸುಖ ನನಗೆ ಆ ಹೋಟೆಲಿನಲ್ಲಿ ಮಾತ್ರ ಸಿಗುತ್ತಿತ್ತು.

ನನ್ನ ಎದುರು ಕೂರುತ್ತಿದ್ದವರು ಬಿಜಾಪುರದ ಕಡೆಯವರು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಬಿಲ್ಡಿಂಗುಗಳಿಗೆ ಬಣ್ಣ ಬಳಿಯುವ ಕೆಲಸ. ಉಗುರಿನ ಸಂದಿಯಲ್ಲಿ ಯಾವಾಗಲೂ ಸುಣ್ಣ. ನಾನು ತಂದ ಪೇಪರಿನ ಒಳಹಾಳೆ ಅವರಿಗೆ, ಹೊರಹಾಳೆ ನನಗೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ, ನಮ್ಮ ಕರಾವಳಿಯವರು ಸಾಂಬಾರಿಗೆ ಬೆಲ್ಲ ಹಾಕುವುದು ಅವರಿಗೆ ಸುತಾರಾಂ ಸೇರುವುದಿಲ್ಲ, ಇದೆಲ್ಲ ನನಗೆ ಗೊತ್ತಿತ್ತು. ನನ್ನ ಮಂಡಿನೋವು ಅವರಿಗೆ ಗೊತ್ತಿತ್ತು. ಜ್ವರ ಬಂದು ನಾನು ಎರಡು ದಿನ ಕೆಳಗಿಳಿಯದಿದ್ದರೆ ಮೂರನೆಯ ದಿನ, "ಎಲ್ಲಿ ಹಾಳಾಗಿ ಹೋಗಿದ್ರಿ ಎರಡ ದಿನಾ?" ಎಂದು ಬೈಯುತ್ತಿದ್ದರು. ಇಡೀ ಮುಂಬಯಿಯಲ್ಲಿ ನನ್ನನ್ನು ಬೈಯುವ ಹಕ್ಕು ಅವರೊಬ್ಬರಿಗೇ ಇತ್ತು.

ಆಮೇಲೆ ನಮ್ಮ ಬಿಲ್ಡಿಂಗ್ ರಿಡೆವಲಪ್‌ಮೆಂಟಿಗೆ ಹೋಯಿತು, ಹಳೆಯದನ್ನು ಒಡೆದು ಅಲ್ಲೇ ಟವರ್ ಕಟ್ಟಿ ನಮಗೆ ಹೊಸ ಮನೆ ಕೊಡುವುದೆಂದು. ಬಿಲ್ಡರ್ ತಂದ ಕಾಗದಕ್ಕೆ ಮೊದಲು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮೂರನೆಯ ಮಹಡಿ ಹತ್ತಿ ಹತ್ತಿ ಮಂಡಿ ಸವೆದವನು ಹಾಕದೇ ಇರುತ್ತಾನೆಯೇ? ಮರುದಿನ ಬೆಳಿಗ್ಗೆ ಟೇಬಲ್ಲಿನಲ್ಲಿ ಖುಷಿಯಿಂದ ಹೇಳಿದೆ. ಅವರು ವಡೆ ಮುರಿಯುತ್ತ, "ಛಲೋ ಆತ ಬಿಡ್ರಿ. ನಿಮ್ಮ ಮೊಣಕಾಲಿಗೆ ಲಿಫ್ಟ್ ಬೇಕಾಗಿತ್ತು" ಎಂದರು.

ಟವರ್ ಏಳುವ ತನಕ ಮೂರು ವರ್ಷ ಭಾಯಂದರಿನಲ್ಲಿ ಬಾಡಿಗೆಗಿದ್ದು, ಕಳೆದ ದೀಪಾವಳಿಗೆ ಹದಿನಾಲ್ಕನೆಯ ಮಹಡಿಗೆ ಬಂದೆ. ಸುಳ್ಳು ಯಾಕೆ ಹೇಳಲಿ, ಹೊಸ ಮನೆ ಚೆನ್ನಾಗಿದೆ. ನೀರಿಗಾಗಿ ಬೆಳಗಿನ ಜಾವ ಐದಕ್ಕೆ ಏಳಬೇಕಾಗಿಲ್ಲ. ಕಿಟಕಿ ತೆರೆದರೆ ನ್ಯಾಷನಲ್ ಪಾರ್ಕಿನ ಗುಡ್ಡದಿಂದ ಗಾಳಿ ಬರುತ್ತದೆ. ಗಟಾರ ನಾರುತ್ತಿದ್ದ ರಸ್ತೆಗೆ ಫುಟ್‌ಪಾತ್ ಬಂದಿದೆ, ಫುಟ್‌ಪಾತಿನ ಮೇಲೆ ನಾಯಿಗಳಿಗೆ ಕೇಕ್ ಮಾರುವ ಅಂಗಡಿ ಬಂದಿದೆ. ಇಪ್ಪತ್ತು ವರ್ಷ ಸುದ್ದಿಯೇ ಇಲ್ಲದ ಸೋದರಳಿಯಂದಿರು ಈಗ ವಾರಕ್ಕೊಮ್ಮೆ ನನ್ನ ಆರೋಗ್ಯ ವಿಚಾರಿಸುತ್ತಾರೆ. ಪಕ್ಕದ ಮನೆಯವರನ್ನು ಮಾತ್ರ ನಾನಿನ್ನೂ ನೋಡಿಲ್ಲ, ಬಾಗಿಲ ಹೊರಗಿನ ಅವರ ಶೂಗಳ ಪರಿಚಯವಾಗಿದೆ.

ಕೆಳಗೆ ಹೋಟೆಲ್ ಕೂಡ ಮತ್ತೆ ತೆರೆಯಿತು, ಕೆಫೆಯಾಗಿ. ಹಳೆಯ ಮಾಲೀಕರ ಮಗ ಅಕ್ಷಯ ನಡೆಸುತ್ತಾನೆ. ಮೊದಲ ದಿನವೇ ಎಂಟು ಗಂಟೆಗೆ ಪೇಪರ್ ಹಿಡಿದು ಇಳಿದೆ. ಬಿಜಾಪುರದವರು ಹೇಗೂ ಬರುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಒಳಗೆ ಎಲ್ಲ ಟೇಬಲ್‌ಗಳಲ್ಲೂ ಒಬ್ಬೊಬ್ಬರೇ ಕೂತಿದ್ದರು. ಬಾಗಿಲು ಕಾಣುವ ಹಾಗಿದ್ದ ಒಂದು ಟೇಬಲ್ಲಿನಲ್ಲಿ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತೆರೆದುಕೊಂಡಿದ್ದಳು. ಎದುರಿನ ಕುರ್ಚಿ ಎಳೆದು ಕೂತು, ಅವಳ ನೀರಿನ ಲೋಟವನ್ನು ಸ್ವಲ್ಪ ಆಚೆ ಸರಿಸಿದೆ.

ಅವಳು ನನ್ನನ್ನು ನೋಡಿದ ರೀತಿ ಸಾಯುವ ತನಕ ಮರೆಯಲಾರೆ. ಸಿಟ್ಟಲ್ಲ, ಹೆದರಿಕೆ. ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ಎದ್ದು ಕೌಂಟರಿಗೆ ಹೋದಳು. ಅಕ್ಷಯ ಓಡಿ ಬಂದ. ಒಳ್ಳೆಯ ಹುಡುಗ, ಕನ್ನಡ ತಡವರಿಸುತ್ತದೆ.

"ಅಂಕಲ್, ಇಲ್ಲಿ ಶೇರಿಂಗ್ ಇಲ್ಲ. ಮ್ಯಾಡಮ್ ಥೋಡಾ... ಡರ್ ಗಯೀ. ನೀವು ಇಲ್ಲಿ ಬನ್ನಿ, ಪ್ಲೀಸ್. ನಿಮ್ಗೆ ಬೆಸ್ಟ್ ಸೀಟ್ ಕೊಡ್ತೇನೆ."

ಬೆಸ್ಟ್ ಸೀಟೆಂದರೆ ಗಾಜಿನ ಗೋಡೆಗೆ ಮುಖ ಮಾಡಿದ ಎತ್ತರದ ಸ್ಟೂಲು. ಎದುರಿಗೆ ರಸ್ತೆ, ಪಕ್ಕದಲ್ಲಿ ಯಾರೂ ಇಲ್ಲ. ಮರುದಿನದಿಂದ ಅವನು ಅದರ ಮೇಲೆ ನನ್ನ ಹೆಸರಿನ ಚೀಟಿ ಇಡತೊಡಗಿದ. ಕಾಫಿ ಮೊದಲಿಗಿಂತ ಚೆನ್ನಾಗಿದೆ, ಅದನ್ನೂ ಒಪ್ಪುತ್ತೇನೆ. ಒಂದು ತಿಂಗಳು ಆ ಸ್ಟೂಲಿನ ಮೇಲೆ ಕೂತು ರಸ್ತೆ ಕಾದೆ. ಬಿಜಾಪುರದವರು ಬರಲಿಲ್ಲ. ಹುಡುಕೋಣವೆಂದರೆ ಹೆಸರಿಲ್ಲ, ನಂಬರಿಲ್ಲ, ವಿಳಾಸವಿಲ್ಲ. ಹನ್ನೊಂದು ವರ್ಷ ನಾನೇನು ಕತ್ತೆ ಕಾಯುತ್ತಿದ್ದೆನೇ ಎಂದು ನನಗೆ ನಾನೇ ಬೈದುಕೊಂಡೆ.

ಕೊನೆಗೆ ದೂಜನನ್ನು ಕೇಳಿದೆ. ಹಳೆಯ ಹೋಟೆಲಿನ ಸಪ್ಲೈಯರುಗಳಲ್ಲಿ ಅಕ್ಷಯ ಉಳಿಸಿಕೊಂಡದ್ದು ಅವನೊಬ್ಬನನ್ನೇ. ಈಗ ಕಪ್ಪು ಏಪ್ರನ್ ಕಟ್ಟಿಕೊಂಡು ಓಡಾಡುತ್ತಾನೆ.

"ಅವರಾ? ಹಣಮಂತಣ್ಣ ಅಲ್ವಾ," ಎಂದ ದೂಜ, ಅದೇನು ದೊಡ್ಡ ವಿಷಯ ಎಂಬಂತೆ. "ಅವರು ಈಗ ದಹಿಸರಲ್ಲಿದ್ದಾರೆ ಪೂವಪ್ಪಣ್ಣ. ಸ್ಟೇಷನ್ ಹತ್ತಿರ ನನ್ನ ಭಾವನ ಹೋಟೆಲುಂಟಲ್ಲ, ಅಲ್ಲಿಗೇ ತಿಂಡಿಗೆ ಬರುವುದು."

"ದಹಿಸರಿಗೆ ಯಾಕೆ ಹೋದದ್ದು?"

ದೂಜ ನನ್ನ ಮುಖವನ್ನೇ ನೋಡಿದ. "ನಿಮಗೆ ಗೊತ್ತಿಲ್ವಾ ಮಾರಾಯ್ರೆ? ನಮ್ಮ ಬಿಲ್ಡಿಂಗಿನ ಹಿಂದೆ ಶೀಟಿನ ರೂಮುಗಳಿದ್ದುವಲ್ಲ, ಅದರಲ್ಲೇ ಬಾಡಿಗೆಗೆ ಇದ್ದದ್ದು ಅವರು. ಅದೂ ಒಟ್ಟಿಗೇ ಒಡೆದ್ರಲ್ಲ. ಓನರಿಗೆ ಫ್ಲಾಟ್ ಸಿಕ್ಕಿತು. ಬಾಡಿಗೆಯವರಿಗೆ ಎಂತ ಸಿಗ್ತದೆ?"

ನನ್ನ ಹಳೆಯ ಅಡುಗೆಮನೆಯ ಕಿಟಕಿಯಿಂದ ಆ ಶೀಟುಗಳೇ ಕಾಣುತ್ತಿದ್ದುವು. ಮೂವತ್ತು ವರ್ಷ ಅವುಗಳ ಮೇಲೆ ಮಳೆ ಬೀಳುವ ಸದ್ದಿಗೆ ಗೊಣಗಿದ್ದೇನೆ. ಕೆಳಗೆ ಯಾರಿದ್ದಾರೆಂದು ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಸಹಿ ಹಾಕಿದ ಸುದ್ದಿಯನ್ನು ಹೋಗಿ ಹೋಗಿ ಅವರ ಎದುರೇ ಹಲ್ಲು ಕಿರಿದು ಹೇಳಿದ್ದೆನಲ್ಲ ಎಂದು ನೆನೆದು ನಾಚಿಕೆಯಿಂದ ಕುಗ್ಗಿಹೋದೆ.

ಮರುದಿನ ಬೆಳಿಗ್ಗೆ ಲೋಕಲ್ ಹತ್ತಿ ದಹಿಸರಿಗೆ ಹೋದೆ. ಒಂದೇ ಸ್ಟೇಷನ್, ಆದರೂ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ದೂಜನ ಭಾವನ ಹೋಟೆಲ್ ಚಿಕ್ಕದು, ಗೋಡೆಗೆ ಹೊಂದಿಸಿಟ್ಟ ಇಬ್ಬಿಬ್ಬರ ಟೇಬಲ್‌ಗಳು. ಎಲ್ಲದರಲ್ಲೂ ಜನ. ಹಣಮಂತ ಒಳಗಿನ ಮೂಲೆಯಲ್ಲಿದ್ದರು. ಅವರ ಎದುರು, ನನ್ನದೇ ವಯಸ್ಸಿನ, ಬಿಳಿ ಮೀಸೆಯ ಒಬ್ಬರು ಕೂತಿದ್ದರು. ಇಬ್ಬರೂ ಏನನ್ನೋ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಈ ವಯಸ್ಸಿನಲ್ಲಿ, ಒಂದು ಇಡ್ಲಿ ತಟ್ಟೆಯ ಮುಂದೆ.

ಹಣಮಂತ ನನ್ನನ್ನು ಕಂಡರು. ಕಂಡವರೇ ಎದ್ದು ನಿಂತರು. ಹಳೆಯ ಹೋಟೆಲಿನಲ್ಲಿ ಅವರು ನನಗಾಗಿ ಒಮ್ಮೆಯೂ ಎದ್ದು ನಿಂತವರಲ್ಲ.

"ಅಯ್ಯ, ನೀವ? ಇಷ್ಟ ದೂರ? ಬರ್ರಿ, ಬರ್ರಿ." ಎದುರಿನವರತ್ತ ತಿರುಗಿ, "ಯಲ್ಲಾಲಿಂಗ, ಏಳೋ. ಇವರು ಬೊರಿವಲಿ ದೊಡ್ಡ ಟವರಿನ್ಯಾವ್ರು. ಜಾಗಾ ಬಿಡು" ಎಂದರು.

"ಬೇಡ, ಬೇಡ, ಕೂತಿರಲಿ," ಎಂದೆ. ಯಲ್ಲಾಲಿಂಗ ಆಗಲೇ ತಟ್ಟೆ ಎತ್ತಿಕೊಂಡು ಎದ್ದಿದ್ದರು. ಬೇರೆ ಕುರ್ಚಿ ಖಾಲಿಯಿರಲಿಲ್ಲ. ಅವರು ಹೊರಗೆ ಹೋದರು. ಹಣಮಂತ ತಮ್ಮ ಹೆಗಲ ಮೇಲಿನ ಟವೆಲಿನಿಂದ ಕುರ್ಚಿ ಒರೆಸಿದರು. ಕೂತೆ.

ಬಾಯಿಪಾಠ ಮಾಡಿದ್ದು ಮರೆತುಹೋಗಿತ್ತು. "ನೀವು ನಮ್ಮ ಬಿಲ್ಡಿಂಗಿನ ಹಿಂದೆಯೇ ಇದ್ದಿರಂತೆ. ಒಂದು ಮಾತು ಹೇಳಬಾರದಿತ್ತಾ?" ಎಂದುಬಿಟ್ಟೆ. ತಪ್ಪು ನನ್ನದು, ಜಗಳ ತೆಗೆದದ್ದೂ ನಾನೇ.

"ಅದನ್ನೇನ ಹೇಳೂದ್ರಿ," ಎಂದು ನಕ್ಕರು. "ಬಾಡಿಗಿ ಮನಿ. ಬಿಡ್ರಿ ಅಂದ್ರು, ಬಿಟ್ಟಿವಿ. ನಿಮ್ಮ ಮೊಣಕಾಲು ಈಗ ಹೆಂಗ ಐತಿ?"

ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವರಲ್ಲಿ ಸಿಟ್ಟೇ ಇರಲಿಲ್ಲ. ನನಗಾಗಿ ಮಸಾಲೆದೋಸೆ ತರಿಸಿದರು, ಗಾಜಿನ ಲೋಟ ತೊಳೆದು ತರಲು ಹೇಳಿದರು, ತಾವು ಏನೂ ತಿನ್ನದೆ ನಾನು ತಿನ್ನುವುದನ್ನೇ ನೋಡುತ್ತ ಕೂತರು. ಸಾಂಬಾರಿಗೆ ಬೈಯಲಿಲ್ಲ. ನನಗೂ ಬೈಯಲಿಲ್ಲ. ಟವರಿನಲ್ಲಿ ನೀರು ಹೇಗೆ, ಗಾಳಿ ಹೇಗೆ ಎಂದು ಸಂಕೋಚದಿಂದ ವಿಚಾರಿಸಿದರು. ಎಲ್ಲ ಚೆನ್ನಾಗಿದೆ ಎಂದೆ. ಆಮೇಲೆ ದೋಸೆ ಮುಗಿಯುವುದನ್ನೇ ಇಬ್ಬರೂ ಕಾಯುತ್ತಿದ್ದೆವು.

ಹೊರಡುವಾಗ ಅವರು ಫೋನ್ ತೆಗೆದರು. "ನಂಬರ್ ಹೇಳ್ರಿ. ಹೆಸರ ಏನಂತ ಹಾಕ್ಲಿ?"

"ಪೂವಪ್ಪ."

ಒಂದೊಂದೇ ಅಕ್ಷರ ಒತ್ತಿ, ಬರೆದದ್ದನ್ನು ನನಗೆ ತೋರಿಸಿದರು. ಪೂವಪ್ಪ ಸಾಹೇಬ್ರು ಎಂದಿತ್ತು.

"ಮತ್ತ ಬರೂದಿದ್ರ ಮೊದಲ ಒಂದ ಫೋನ್ ಹಚ್ಚರಿ ಸಾಹೇಬ್ರ," ಎಂದರು ಹಣಮಂತ, ತುಂಬ ಪ್ರೀತಿಯಿಂದ. "ಯಾರನ್ನಾರ ಎಬ್ಬಿಸಿ ಜಾಗಾ ಮಾಡಿಡತೇನಿ."

ಆಗಲಿ ಎಂದು ಹೊರಗೆ ಬಂದೆ. ಯಲ್ಲಾಲಿಂಗ ಬಾಗಿಲ ಪಕ್ಕ ಬಿಸಿಲಿನಲ್ಲಿ ನಿಂತುಕೊಂಡೇ ತಿನ್ನುತ್ತಿದ್ದರು. ನನ್ನನ್ನು ಕಂಡ ಕೂಡಲೇ ದಾರಿ ಬಿಟ್ಟು, ತಟ್ಟೆ ಹಿಡಿದ ಕೈಯನ್ನೇ ಎತ್ತಿ ನಮಸ್ಕಾರ ಮಾಡಿದರು.