ಹಾಥಿಚಕ್ಕಿಗೊಂದಿಷ್ಟು ಚಳಿ

ಬೀಗರ ಮೇಲಿನ ಸಿಟ್ಟಿನಲ್ಲಿ ಜನ ಮಾತು ಬಿಟ್ಟಿದ್ದಾರೆ, ಊರು ಬಿಟ್ಟಿದ್ದಾರೆ. ಬಷೀರ್ ಸಾಹೇಬರು ತರಕಾರಿ ಬೆಳೆದರು.

ಅಮೆರಿಕದ ಮಿಶಿಗನ್ನಿನಲ್ಲಿ, ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಬಡಾವಣೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೇಪಲ್ ಮರವಿತ್ತು. ಅದರ ಸುತ್ತ, ಯಾರು ಕತ್ತರಿಸಬೇಕೆಂದು ಎಂದೂ ತೀರ್ಮಾನವಾಗದ ಒಂದಿಷ್ಟು ಹುಲ್ಲು. ಅವರು ರಾಮನಗರದವರು. ಲಿವೋನಿಯಾದಲ್ಲಿ ಕಾರಿನ ಬಿಡಿಭಾಗಗಳನ್ನು ಕಾಯಿಸಿ, ತಣಿಸಿ, ಉಕ್ಕಿಗೆ ಹದ ಕೊಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಹೆಂಡತಿ ಬದ್ರುನ್ನೀಸಾ ಅವರೊಡನೆ ಮನೆಯ ಮಾತು ದಖನಿ ಉರ್ದು. ನನ್ನೊಡನೆ, ನನ್ನ ಹೆಂಡತಿ ವಸುಧಾಳೊಡನೆ ಕನ್ನಡ. ಬೀಗರನ್ನು ಬೈಯುವುದಿದ್ದರೆ ಮಾತ್ರ ತಮ್ಮ ಮನೆಯೊಳಗೂ ಕನ್ನಡಕ್ಕೇ ಬರುತ್ತಿದ್ದರು. ಅಮೆರಿಕದಲ್ಲೇ ಹುಟ್ಟಿ ಬೆಳೆದ ಸೊಸೆ, ಮಗ ಸೊಹೈಲನ ಹೆಂಡತಿ ಅರೀಬಾಗೆ ಉರ್ದು ಗೊತ್ತಿತ್ತು, ಕನ್ನಡ ಗೊತ್ತಿರಲಿಲ್ಲ.

ಆ ಬೀಗರು, ಅಂದರೆ ಅರೀಬಾಳ ತಂದೆ ಮಕ್ತೂಮ್ ಸಾಹೇಬರು, ಹುಬ್ಬಳ್ಳಿಯಿಂದ ಹೋಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿದವರು. ಮಗಳು ಅಳಿಯ ಶಿಕಾಗೋ ಬಳಿಯ ನೇಪರ್‌ವಿಲ್ಲಿನಿಂದ ಹಬ್ಬಕ್ಕೆಂದು ಇಲ್ಲಿಗೆ ಬಂದಾಗಲೆಲ್ಲ ಅವರೂ ವಿಮಾನ ಹತ್ತಿ ಬರುತ್ತಿದ್ದರು. ಕೈಯಲ್ಲಿ ಮಿಠಾಯಿಯಲ್ಲ, ಒಂದು ಚೀಲ ಆರ್ಟಿಚೋಕ್. ಮುಷ್ಟಿ ಗಾತ್ರದ ಹಸಿರು ಮೊಗ್ಗುಗಳು, ಮೈತುಂಬ ಮೀನಿನ ಹುರುಪೆಯಂಥ ದಪ್ಪ ದಳ. ಅದನ್ನು ಮೇಜಿನ ಮೇಲಿಟ್ಟು ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು.

"ನಿಮ್ಮ ಕಡೆ ಇದು ಬೆಳೆಯೂದಿಲ್ರೀ. ನಿಮ್ಮ ಕಡೆ ಬೆಳೆಯೂದು ಬರೇ ಬರ್ಫ."

ಅದನ್ನು ತಿನ್ನುವ ಕ್ರಮವನ್ನೂ ಅವರೇ ಕಲಿಸಿದರು. ಬೇಯಿಸಿದ ಮೊಗ್ಗಿನ ದಳಗಳನ್ನು ಒಂದೊಂದಾಗಿ ಕಿತ್ತು, ಬುಡವನ್ನು ಹಲ್ಲಿನಿಂದ ಕೆರೆದು, ಉಳಿದದ್ದನ್ನು ಬಿಸಾಡಬೇಕು. ನುಗ್ಗೆಕಾಯಿ ತಿಂದು ಬೆಳೆದ ನಮಗೆ ಇದೇನೂ ಹೊಸ ವಿದ್ಯೆಯಲ್ಲ; ನುಗ್ಗೆಕಾಯಿಗೆ ಇಷ್ಟು ಬಿಗುಮಾನವಿಲ್ಲ, ಅಷ್ಟೆ. ದಳವೆಲ್ಲ ಕಳೆದ ಮೇಲೆ ನಡುವೆ ಒಂದು ಚಿಟಿಕೆ ನವಿರು ರೋಮ, ಅದನ್ನು ನುಂಗಬಾರದು. ಅದರಡಿಯಲ್ಲಿ ಎರಡು ತುತ್ತಿನ ತಿರುಳು. ನಾವು ಯೌವನದಲ್ಲಿ ಮೆಚ್ಚುತ್ತಿದ್ದ ಪದ್ಯಗಳೂ ಹೀಗೆಯೇ ಇದ್ದವು. ಪದರ ಪದರ ಬಿಡಿಸಬೇಕು, ಗಂಟಲಿಗೆ ಸಿಕ್ಕಿಕೊಳ್ಳುವುದನ್ನು ದಾಟಬೇಕು. ಕೊನೆಗೆ ಸಿಕ್ಕದ್ದು ಸ್ವಲ್ಪವೇ ಆದರೂ ಅಷ್ಟು ಪಾಡುಪಟ್ಟ ಮೇಲೆ ಚೆನ್ನಾಗಿಲ್ಲವೆನ್ನಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

ಉರ್ದುವಿನಲ್ಲಿ ಅದಕ್ಕೆ ಹಾಥಿಚಕ್ ಎಂದು ಹೆಸರಂತೆ. ಹಾಥಿಗೂ, ಎಂದರೆ ಆನೆಗೂ, ಇದಕ್ಕೂ ಏನು ಸಂಬಂಧವೆಂದು ವಸುಧಾ ಕೇಳಿದಳು. "ನಮ್ಮ ಬೀಗ್ರಿಗೂ ವಿನಯಕ್ಕೂ ಇರೋ ಸಂಬಂಧ" ಎಂದರು ಬಷೀರ್ ಸಾಹೇಬರು. ಅವರ ನೋವು ತರಕಾರಿಯದಲ್ಲ. ಗಂಡಿನ ಕಡೆಯವರು ತಾವು. ಹೆಣ್ಣಿನ ಕಡೆಯವರು ತಮ್ಮ ಮುಂದೆ ಕೊಂಚ ತಗ್ಗಿ ನಡೆಯುವುದು ಲೋಕರೂಢಿ. ಈ ಮನುಷ್ಯ ಸೊಪ್ಪುಸದೆ ತಂದು ತಮ್ಮ ಮನೆಯಲ್ಲಿ ತಮಗೇ ಭೂಗೋಳದ ಪಾಠ ಹೇಳುತ್ತಿದ್ದರು.

ಎರಡು ಸಾವಿರದ ಎರಡನೆಯ ಇಸವಿಯ ಈದ್ ಊಟದಲ್ಲಿ ಅದು ಮೇರೆ ಮೀರಿತು. ಮುಂದಿನ ಆಗಸ್ಟಿನಲ್ಲಿ ಮೊಮ್ಮಗ ಅರ್ಹಾನನಿಗೆ ಬಿಸ್ಮಿಲ್ಲಾ, ಎಂದರೆ ನಮ್ಮಲ್ಲಿಯ ಅಕ್ಷರಾಭ್ಯಾಸದಂಥ ಶಾಸ್ತ್ರ. ಆಗ ಎರಡು ಚೀಲ ತರುತ್ತೇನೆಂದರು ಮಕ್ತೂಮ್ ಸಾಹೇಬರು. ಬಷೀರ್ ಸಾಹೇಬರು ತಟ್ಟೆಯನ್ನು ದೂರ ಸರಿಸಿದರು.

"ಆಗಸ್ಟಿಗೆ ನೀವು ಕೈಬೀಸಿಕೊಂಡು ಬನ್ನಿ ಬೀಗ್ರೆ. ಹಾಥಿಚಕ್ ನಮ್ಮ ತೋಟದ್ದೇ ತಿನ್ನೋಣ."

ಬೀಗರು ನಕ್ಕರು. ಮರ್ಯಾದೆಗೆ ನಕ್ಕಿದ್ದರೆ ಮರೆತುಹೋಗುತ್ತಿತ್ತು; ಅವರು ಕಣ್ಣೊರೆಸಿಕೊಳ್ಳಲು ನ್ಯಾಪ್ಕಿನ್ ಹುಡುಕುವಷ್ಟು ನಕ್ಕರು. ಅಂದಿನಿಂದ ಬಷೀರ್ ಸಾಹೇಬರಿಗೆ ಬದುಕಿನಲ್ಲಿ ಬೇಕಾಗಿದ್ದುದು ಒಂದೇ: ಆಗಸ್ಟಿನ ಆ ಭಾನುವಾರ ಮೇಜಿನ ಮೇಲೆ ಮಿಶಿಗನ್ನಿನ ಒಂದು ಮೊಗ್ಗು.

ಅವರು ಬೀಜ ತರಿಸಿದರು. ಹಿಮ ಬೀಳುತ್ತಿದ್ದ ಫೆಬ್ರವರಿಯಲ್ಲಿ ಬೇಸ್‌ಮೆಂಟಿನ ಟ್ಯೂಬ್‌ಲೈಟಿನಡಿ ಬಿತ್ತಿದರು. ಮೊಳಕೆ ಬಂದಾಗ ನನ್ನನ್ನು ಕರೆದು ತೋರಿಸಿ ಅದರ ಮರ್ಮವನ್ನು ವಿವರಿಸಿದರು. ಈ ಗಿಡ ಒಂದು ಚಳಿಗಾಲ ಕಂಡ ಮೇಲೇ ಮೊಗ್ಗು ಬಿಡುವುದು. ಆದರೆ ನಮ್ಮ ಚಳಿಗಾಲ ಕಂಡರೆ ಬೇರುಸಹಿತ ಸಾಯುತ್ತದೆ. ಆದ್ದರಿಂದ ಏಪ್ರಿಲ್ಲಿನಲ್ಲಿ ಒಂದೆರಡು ವಾರ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತು ಡಿಗ್ರಿಗಿಂತ ಕೆಳಗೆ, ಹೆಪ್ಪುಗಟ್ಟದ ಹಾಗೆ ಚಳಿಯಲ್ಲಿಟ್ಟು, ಚಳಿಗಾಲ ಮುಗಿಯಿತೆಂದು ಅದಕ್ಕೆ ಸುಳ್ಳು ಹೇಳಬೇಕು.

"ಉಕ್ಕಿಗೆ ಹದ ಕೊಟ್ಟ ಹಾಗೆ ನಾಥ್ ಸಾಹೇಬ್ರೆ. ಕಷ್ಟ ಕೊಡದೆ ಇದ್ರೆ ಗಟ್ಟಿ ಆಗಲ್ಲ" ಎಂದರು. ನನ್ನ ಪೂರ್ತಿ ಹೆಸರು ದ್ವಾರಕಾನಾಥ. ಅವರು ಅದಕ್ಕೂ ತಮ್ಮ ಕಾರ್ಖಾನೆಯ ಹದ ಕೊಟ್ಟು ಚಿಕ್ಕದು ಮಾಡಿದ್ದರು.

ಸಸಿಗಳಲ್ಲಿ ಒಂದು ಬಡಕಲಾಗಿತ್ತು. ಎಸೆಯಲು ಮನಸ್ಸಾಗದೆ ಅದನ್ನು ನಮಗೆ ಕೊಟ್ಟರು. ಸತ್ತರೂ ಬೇಸರವಿಲ್ಲವೆಂದು ಹೇಳಿಯೇ ಕೊಟ್ಟರು. ಅಂಚು ಕೊರೆದಂತಿದ್ದ ಅದರ ಎಲೆಗಳನ್ನು ವಸುಧಾ ಬಾಗಿಲಲ್ಲೇ ತಡೆದು ನೋಡಿದಳು.

"ಇದು ದತ್ತೂರಿ ಗಿಡ. ಮುಳ್ಳಿನ ಗಿಡ ಮನೆಯೊಳಗೆ ಇಡಬಾರದು."

ದತ್ತೂರಿಯಲ್ಲವೆಂದು ನಾನು ವಾದಿಸಿದೆ. ಅಲ್ಲದಿದ್ದರೆ ಅದರ ತಂಗಿ ಎಂದಳು. ಹೀಗಾಗಿ ಆ ಸಸಿ ಹಿಂಬದಿಯ ಡೆಕ್ಕಿನ, ಎಂದರೆ ಮರದ ಜಗಲಿಯ, ಮೇಲೆ, ಗೋಡೆಗೆ ಒರಗಿಸಿದ್ದ ಮಡಿಚುವ ಕುರ್ಚಿಗಳ ಸಂದಿಯಲ್ಲಿ ಏಪ್ರಿಲ್ ತಿಂಗಳನ್ನು ಕಳೆಯಿತು. ಮಳೆ ಬಂತು, ಒಂದು ದಿನ ಮತ್ತೆ ಹಿಮವೂ ಉದುರಿತು. ವಸುಧಾ ಕರಗಲಿಲ್ಲ.

ಬಷೀರ್ ಸಾಹೇಬರ ಸಸಿಗಳಾದರೋ ಗ್ಯಾರೇಜಿನಲ್ಲಿ, ಕಿಟಕಿಯ ಪಕ್ಕದ ಬೆಂಚಿನ ಮೇಲೆ, ಥರ್ಮಾಮೀಟರಿನ ಕಾವಲಿನಲ್ಲಿ ವಿಧಿವತ್ತಾಗಿ ಕಷ್ಟಪಟ್ಟವು. ಕಾರ್ಖಾನೆಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅವರು ಅಂಕಿ ನೋಡಿ ತೃಪ್ತಿಪಡುತ್ತಿದ್ದರು.

ಮೇ ಕೊನೆಯಲ್ಲಿ ಎಲ್ಲವೂ ನೆಲ ಸೇರಿದವು. ಅವರ ಗಿಡಗಳು ಬೆಳೆದ ಬಗೆ ನೋಡಬೇಕಾಗಿತ್ತು. ಬೂದಿ ಬೆರೆತ ಹಸಿರಿನ ಎಲೆಗಳು ಕಾರಂಜಿಯ ಹಾಗೆ ಎದ್ದು ಬಾಗಿ, ಜುಲೈ ಹೊತ್ತಿಗೆ ಎದೆಮಟ್ಟ ನಿಂತವು. ನಾಯಿ ಓಡಾಡಿಸುವವರು ನಿಂತು ಅದೇನೆಂದು ಕೇಳತೊಡಗಿದರು. ಮೊಗ್ಗು ಮಾತ್ರ ಇಲ್ಲ. ಬಷೀರ್ ಸಾಹೇಬರು ಸಂಜೆ ಗಿಡದಿಂದ ಗಿಡಕ್ಕೆ ಹೋಗಿ, ವೈದ್ಯರು ಗಂಟಲು ನೋಡುವಂತೆ ಎಲೆಗಳನ್ನು ಅಗಲಿಸಿ ಒಳಗೆ ಇಣುಕುತ್ತಿದ್ದರು. ಮೇಪಲ್ ಮರದ ಈಚೆ ನಮ್ಮ ಬಡಕಲು ಗಿಡ, ಅವರದರ ಅರ್ಧದಷ್ಟೂ ಇಲ್ಲದ್ದು, ಒಂದು ದಿನ ತಲೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಮೊಗ್ಗನ್ನು ಎತ್ತಿ ಹಿಡಿದಿತ್ತು.

ಅದನ್ನು ತೋರಿಸಲೆಂದು ಇಬ್ಬರನ್ನೂ ಚಹಾಕ್ಕೆ ಕರೆದೆವು. ಬಷೀರ್ ಸಾಹೇಬರು ಮೊಗ್ಗಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಒಂದೇ ಬೀಜ, ಒಂದೇ ಮಣ್ಣು, ವ್ಯತ್ಯಾಸ ಎಲ್ಲಿ ಎಂದು ಗಟ್ಟಿಯಾಗಿ ಯೋಚಿಸತೊಡಗಿದರು. ವಸುಧಾ ಸಮಾಧಾನ ಹೇಳಲು ಹೋದಳು.

"ಪಾಪ, ಬದ್ರು ಅಷ್ಟೊಂದು ನೋಡ್ಕೊಂಡ್ರು. ಹೀಟರ್ ಸಮೇತ ಇಟ್ಟಿದ್ರಲ್ಲ."

ಬದ್ರುನ್ನೀಸಾ ಅವರು ಚಹಾದ ಕಪ್ಪಿನೊಳಗೆ ದೃಷ್ಟಿ ನೆಟ್ಟರು.

"ಯಾವ ಹೀಟರ್?" ಎಂದರು ಬಷೀರ್ ಸಾಹೇಬರು.

ವಿಷಯ ನಿಧಾನವಾಗಿ ಹೊರಗೆ ಬಂತು. ಗಂಡ ಕಾರ್ಖಾನೆಗೆ ಹೊರಟೊಡನೆ ಅವರು ಸಸಿಗಳ ಪಕ್ಕದಲ್ಲಿ ಸಣ್ಣ ಹೀಟರ್ ಹಚ್ಚುತ್ತಿದ್ದರು. ಗಂಡ ಬರುವ ಮುಂಚೆ ಅದನ್ನು ಆರಿಸಿ, ಥರ್ಮಾಮೀಟರಿಗೆ ಅನುಮಾನ ಬಾರದಿರಲೆಂದು ಗ್ಯಾರೇಜಿನ ಬಾಗಿಲು ಮೇಲೆತ್ತಿಡುತ್ತಿದ್ದರು. ಅವರು ಮಲಗಿದ ಮೇಲೆ ಮತ್ತೆ ಹೀಟರ್, ಏಳುವ ಮುಂಚೆ ಮತ್ತೆ ಬಾಗಿಲು.

"ಅವು ನಡುಗ್ತಾ ಇದ್ವು" ಎಂದರು ಬದ್ರುನ್ನೀಸಾ.

"ಗಿಡ ನಡುಗುತ್ತಾ?"

"ನಲವತ್ತು ಡಿಗ್ರೀಲಿ ನಿಲ್ಲಿಸಿದ್ರೆ ನೀವೂ ನಡುಗ್ತೀರಿ."

ಬಷೀರ್ ಸಾಹೇಬರು ಕೂಗಾಡಲಿಲ್ಲ. ಮೇಪಲ್ ಮರದಾಚೆ ತೂಗಾಡುತ್ತಿದ್ದ ತಮ್ಮ ಸೊಂಪಾದ ಗಿಡಗಳನ್ನು ಬಹಳ ಹೊತ್ತು ನೋಡಿದರು. "ಸೊಹೈಲನ್ನೂ ಹೀಗೇ ಬೆಳೆಸಿದ್ದು" ಎಂದರು. "ಎತ್ತರ ಬೆಳೆದ. ಎಲೆ ಚೆನ್ನಾಗಿದೆ."

ಇನ್ನು ಉಳಿದದ್ದು ನಮ್ಮ ಒಂಟಿ ಮೊಗ್ಗು. ಅದನ್ನು ಬಿಸ್ಮಿಲ್ಲಾಕ್ಕೆ ಕೊಡಬೇಕೆಂದು ಅವರು ಕೇಳಿದರು. ನಾನು ಒಪ್ಪಿಯೂ ಬಿಟ್ಟೆ. ಆದರೆ ಅಷ್ಟರಲ್ಲಿ ವಸುಧಾಳ ಕಣ್ಣಿಗೆ ಆ ದತ್ತೂರಿಯ ತಂಗಿ ತಾವರೆಯ ಅಕ್ಕನಂತೆ ಕಾಣತೊಡಗಿತ್ತು. ಆ ವರ್ಷ ವರಮಹಾಲಕ್ಷ್ಮಿ ಹಬ್ಬ ಬಿಸ್ಮಿಲ್ಲಾದ ಹಿಂದಿನ ಶುಕ್ರವಾರವೇ ಬಿದ್ದಿತ್ತು. ತನ್ನ ಅಂಗಳದಲ್ಲಿ ತಾನಾಗಿ ಬಂದದ್ದು ಕಲಶದ ಮುಂದೆ ಇರಬೇಕೆಂದು ಅವಳ ಆಸೆ. ಮೊಗ್ಗು ಕೀಳುವುದು ತಪ್ಪು; ಅರಳಲಿ, ಆಮೇಲೆ ನೋಡೋಣವೆಂದಳು. ಅರಳಿದರೆ ಅದು ನಾರು, ಹಲ್ಲಿಗೆ ದಕ್ಕುವುದಿಲ್ಲವೆಂದರು ಬಷೀರ್ ಸಾಹೇಬರು. ಲಕ್ಷ್ಮಿ ಅದನ್ನೇನೂ ಕಡಿಯುವುದಿಲ್ಲವೆಂದಳು ವಸುಧಾ. ಒಂದು ವಾರ ಹೀಗೆ ನಡೆಯಿತು. ಇಬ್ಬರೂ ನನ್ನ ಅಭಿಪ್ರಾಯ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಇಬ್ಬರೂ ಅದು ಬೇಡವೆಂದರು. ಅರಳದ ಮೊಗ್ಗಿನ ಬಗ್ಗೆ ನಮ್ಮ ಪೀಳಿಗೆಯ ಕವಿಗಳು ಬೇಕಾದಷ್ಟು ಬರೆದರು. ಬೇಯಿಸಬೇಕಾದ ಮೊಗ್ಗಿನ ಬಗ್ಗೆ ಒಬ್ಬರಾದರೂ ಎರಡು ಸಾಲು ಬರೆದಿದ್ದರೆ ಆಗ ನನಗೆ ಉಪಯೋಗವಾಗುತ್ತಿತ್ತು.

ತೀರ್ಪು ಕೊಟ್ಟದ್ದು ಬಿಸಿಲು. ಹಬ್ಬದ ವಾರ ತೊಂಬತ್ತು ಡಿಗ್ರಿ ದಾಟಿತು. ಗುರುವಾರ ಬೆಳಿಗ್ಗೆ ಮೊಗ್ಗಿನ ತುದಿ ಸಡಿಲಿತ್ತು. ಸಂಜೆಗೆ ಅದು ಪೂರ್ತಿ ಬಾಯಿ ಬಿಟ್ಟಿತ್ತು. ಬೋಗುಣಿಯಷ್ಟು ಅಗಲದ ಹೂವು, ಒತ್ತೊತ್ತಾದ ಎಳೆಗಳು. ಬಣ್ಣ ನೇರಳೆಯೆಂದರೆ ನೀಲಿ ಸಿಟ್ಟಾಗುತ್ತದೆ, ನೀಲಿಯೆಂದರೆ ನೇರಳೆ. ಉರಿಯುವ ಗ್ಯಾಸ್ ಒಲೆಯೊಂದನ್ನು ಕಾಂಡದ ಮೇಲೆ ಇಟ್ಟ ಹಾಗಿತ್ತು. ಜೇನುಹುಳುಗಳು ಅದರೊಳಗೆ ಬಿದ್ದು ಹೊರಳಾಡುತ್ತಿದ್ದವು. ಇಷ್ಟು ಸುಂದರವಾದ ವೈಫಲ್ಯವನ್ನು ನಾನು ಮೊದಲೆಂದೂ ಕಂಡಿರಲಿಲ್ಲ.

ಬಷೀರ್ ಸಾಹೇಬರು ಬಂದು ನಿಂತು ನೋಡಿದರು. "ಆಯ್ತು" ಎಂದು ಹೇಳಿ, ಯಾರದೆಂದು ಗೊತ್ತಿಲ್ಲದ ಹುಲ್ಲನ್ನು ದಾಟಿ ಮನೆಗೆ ಹೋದರು. ಆ ಬೆನ್ನನ್ನು ವಸುಧಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು.

ಶುಕ್ರವಾರ ಬೆಳಿಗ್ಗೆ ತಲೆಸ್ನಾನ ಮಾಡಿ, ಕತ್ತರಿ ಹಿಡಿದು ಅಂಗಳಕ್ಕೆ ಹೋದವಳು ಬರಿಗೈಯಲ್ಲಿ ಹಿಂದಿರುಗಿದಳು. ಕಾರಣವನ್ನು ಅವಳೇ ಹೇಳಿದಳು.

"ಪರರ ಗಿಡದ ಹೂವು ದೇವರಿಗೆ ನಡೆಯುತ್ತೆ. ಪರರ ನಿಟ್ಟುಸಿರು ನಡೆಯಲ್ಲ."

ಲಕ್ಷ್ಮಿ ಅಂಗಡಿಯ ಸೇವಂತಿಗೆಯಲ್ಲಿ ಸಂತೃಪ್ತಳಾದಳು. ಭಾನುವಾರ ವಸುಧಾ ಆ ಹೂವನ್ನು ಉದ್ದ ಕಾಂಡದೊಡನೆ ಕತ್ತರಿಸಿ, ಹಿತ್ತಾಳೆಯ ತಂಬಿಗೆಯಲ್ಲಿ ನೀರು ತುಂಬಿಸಿ ಇಟ್ಟು, ತಾನೇ ಹೊತ್ತುಕೊಂಡು ಹೋಗಿ ಬದ್ರುನ್ನೀಸಾ ಅವರ ಊಟದ ಮೇಜಿನ ನಡುವೆ ಇರಿಸಿದಳು. ತರಕಾರಿಯಾಗಿ ಬರಲಾಗದಿದ್ದರೆ ಹೂವಾಗಿಯಾದರೂ ಬರಲಿ ಎಂಬುದು ಅವಳ ವಾದ. ಬಷೀರ್ ಸಾಹೇಬರು ಗೋಣು ಹಾಕಿದರು. ಅವರ ಕಿವಿ ಬಾಗಿಲ ಕಡೆಗಿತ್ತು.

ಮಕ್ತೂಮ್ ಸಾಹೇಬರು ಎರಡು ಚೀಲಗಳೊಡನೆ ಇಳಿದರು. "ಎಲ್ಲೈತ್ರೀ ಬೀಗರ ನಿಮ್ಮ ಬೆಳಿ?" ಎಂದು ಬಾಗಿಲಲ್ಲೇ ಕೇಳಿದರು. ಬಷೀರ್ ಸಾಹೇಬರು ಕೈಚಾಚಿ ಚೀಲಗಳನ್ನು ತೆಗೆದುಕೊಂಡರು. ನಾನು ಮೊದಲೇ ಹೇಳಿದ್ದಿಲ್ಲವೇ ಎಂದು ಬೀಗರು ಅಲ್ಲಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದರು.

ಶಾಸ್ತ್ರ ನಡೆಯಿತು. ಅರ್ಹಾನ್ ಅಜ್ಜ ಬಷೀರ್ ಸಾಹೇಬರ ತೊಡೆಯ ಮೇಲೆ ಕುಳಿತು ಹೇಳಿಕೊಟ್ಟದ್ದನ್ನು ಮುದ್ದಾಗಿ ಹೇಳಿ, "ಆರ್ ವಿ ಡನ್?" ಎಂದು ಕೇಳಿ ಇಳಿದು ಓಡಿದ. ಎಲ್ಲರೂ ಮೇಜಿನ ಸುತ್ತ ಕುಳಿತರು. ಒಂದು ಬದಿಯಲ್ಲಿ ಬೀಗರು ತಂದ ಮೊಗ್ಗುಗಳು ಬೆಂದು, ತಟ್ಟೆಯಲ್ಲಿ ಸಾಲಾಗಿ ಕೂತಿದ್ದವು. ಅವುಗಳಿಂದ ಒಂದು ಗೇಣು ದೂರದಲ್ಲಿ ತಂಬಿಗೆ.

ಮಕ್ತೂಮ್ ಸಾಹೇಬರು ಮೊದಲ ದಳವನ್ನು ಕಿತ್ತು ಹಲ್ಲಿಗಿಡುವವರು ನಿಂತರು. ಹೂವನ್ನು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದ್ಯಾವ ಹೂವ್ರೀ ಬೀಗರ?"

ವರ್ಷವರ್ಷವೂ ಚೀಲಗಟ್ಟಲೆ ತಿಂದ ಮನುಷ್ಯ ಅದು ಅರಳಿದ್ದನ್ನು ಒಮ್ಮೆಯೂ ಕಂಡಿರಲಿಲ್ಲ. ಎಲ್ಲಿ ಕಾಣಬೇಕು? ಅರಳುವ ಮುಂಚೆಯೇ ಕೊಯ್ದು ಮಾರುವುದು ಅವರ ಕಡೆಯ ವ್ಯವಸಾಯ. ಬಷೀರ್ ಸಾಹೇಬರು ನನ್ನನ್ನು ನೋಡಿದರು, ನಾನು ವಸುಧಾಳನ್ನು. ಅವಳು ಕೋಸಂಬರಿಯ ಸೌತೆಕಾಯಿ ಹೋಳುಗಳಲ್ಲಿ ಮಗ್ನಳಾದಳು.

"ನಮ್ಮ ತೋಟದ್ದು" ಎಂದರು ಬಷೀರ್ ಸಾಹೇಬರು.

"ತರಕಾರಿ ಹೋಗ್ಲಿ ಬಿಡ್ರಿ. ಹೂವ ಭಾಳ ಚಂದ ಬೆಳಸೀರಿ. ಇಂಥಾದ್ದು ನಮ್ಮ ಕ್ಯಾಲಿಫೋರ್ನಿಯಾದಾಗ ನಾ ಕಂಡೇ ಇಲ್ಲ. ಅಲ್ಲೆ ಬೆಳೆಯೂದಿಲ್ಲ ಕಾಣಸ್ತದ."

"ಕಷ್ಟ ಬೀಗ್ರೆ" ಎಂದರು ಬಷೀರ್ ಸಾಹೇಬರು. ಅಷ್ಟು ಮೃದುವಾಗಿ ಅವರು ಬೀಗರೊಡನೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಇದಕ್ಕೆ ಚಳಿ ಬೇಕು. ನಿಮ್ಮಲ್ಲಿ ಚಳಿ ಎಲ್ಲಿದೆ?"

ಮಕ್ತೂಮ್ ಸಾಹೇಬರು ಹಾಗಿದ್ದರೂ ಒಂದು ಕೈ ನೋಡುತ್ತೇನೆಂದು ಬೀಜ ಕೇಳಿದರು. ಕೇಳುವಾಗ ಸ್ವಲ್ಪ ತಗ್ಗಿಯೇ ಕೇಳಿದರು. ಬಷೀರ್ ಸಾಹೇಬರು ಎದ್ದು ಗ್ಯಾರೇಜಿಗೆ ಹೋದರು. ಬೀಜದ ಪೊಟ್ಟಣದ ಮೇಲೆ ಹಸಿರು ಮೊಗ್ಗಿನ ಚಿತ್ರ ದೊಡ್ಡದಾಗಿತ್ತೆಂದು ನನಗೆ ಆಗ ನೆನಪಾಯಿತು. ಅವರು ಹಿಂದಿರುಗಿದಾಗ ಬೀಜಗಳು ಏಲಕ್ಕಿಯ ಖಾಲಿ ಶೀಶೆಯಲ್ಲಿದ್ದವು.

ಆದರೂ ನನ್ನ ಆತಂಕ ಹೋಗಲಿಲ್ಲ. ಬಿತ್ತಿದರೆ ಬೆಳೆಯುತ್ತದೆ, ಬೆಳೆದರೆ ಮೊಗ್ಗು ಬರುತ್ತದೆ, ಮೊಗ್ಗನ್ನು ಈ ಮನುಷ್ಯ ಜಗತ್ತಿನಲ್ಲಿ ಎಲ್ಲಿ ಕಂಡರೂ ಗುರುತಿಸುತ್ತಾನೆ. ಬೀಗರು ಶೀಶೆಯನ್ನು ಜೇಬಿಗಿಳಿಸುತ್ತ, ಎಷ್ಟು ಚಳಿ ಕೊಡಬೇಕೆಂದು ಕೇಳುತ್ತಿದ್ದರು. ಬಷೀರ್ ಸಾಹೇಬರು ಉತ್ತರಿಸುವ ಮುಂಚೆ, ಬಿರಿಯಾನಿಯ ಪಾತ್ರೆ ಹಿಡಿದು ಬಂದ ಬದ್ರುನ್ನೀಸಾ ತಡೆಯಲಾರದೆ ಬಾಯಿ ಹಾಕಿದರು.

"ಜಾಸ್ತಿ ಕೊಡಬೇಡಿ ಭಾಯಿಸಾಬ್. ಎಳೇವು, ಪಾಪ ನಡುಗ್ತವೆ. ಪಕ್ಕದಲ್ಲಿ ಒಂದು ಹೀಟರ್ ಇಡಿ."

ಬಷೀರ್ ಸಾಹೇಬರು ಹೆಂಡತಿಯನ್ನು ನೋಡಿದರು. ಹೊಸದಾಗಿ ಮದುವೆಯಾದವರು ನೋಡುವ ಹಾಗೆ ನೋಡಿದರು.

"ಹೌದು ಬೀಗ್ರೆ" ಎಂದರು. "ಅವರು ಹೇಳಿದ ಹಾಗೇ ಮಾಡಿ."