ವಿಮಾನ ಕಟ್ಟಿದ ಹೆಂಗಸರು

ಕಮಲಾಪುರದ ಭಾಗಮ್ಮನಿಗೆ ಬಿ.ಎ. ಓದುವ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಈ ವಯಸ್ಸಿನಲ್ಲಿ ಓದಿ ಏನು ಕಡಿದು ಕಟ್ಟೆ ಹಾಕುತ್ತಿ ಎಂದವರಿಗೆ ನಕ್ಕು, ಭಾನುವಾರ ಬಂತೆಂದರೆ ತರಗತಿಗೆಂದು ಕಲಬುರಗಿಯ ಬಸ್ಸು ಹತ್ತಿಬಿಡುತ್ತಿದ್ದಳು. ಉಳಿದ ದಿನ ಕೆಂಪು ಬಾಳೆಯ ವ್ಯಾಪಾರ. ಗಂಡ ವಿವೇಕಾನಂದ ಮಿಲಿಟರಿ ಸೇರಿದಾಗ ಇದ್ದದ್ದು, ತೀರಿಹೋದ ಮಾವನ ಹಣ್ಣು ಮಾಗಿಸುವ ಕೋಣೆಯೊಂದೇ. ಇವತ್ತು ಅದರ ಗೊನೆಗಳಿಗೆ ಹೈದರಾಬಾದಿನವರು ಮುಂಚೆಯೇ ಹೇಳಿಡುತ್ತಾರೆ. ಕೋಣೆಯ ಕೀಲಿ ಅವಳ ಸೊಂಟದಲ್ಲಿ.

ಈಗ ಗಂಡ ಸೇವೆ ಮುಗಿಸಿ ಪೂರ್ತಿ ಮನೆಗೆ ಬರುವವನಿದ್ದ. ಅವನು ಬರುವ ಸಂತೋಷಕ್ಕೆ ಅವಳಿಗೆ ನಿದ್ದೆ ಇರಲಿಲ್ಲ, ಕೀಲಿ ಹೋಗುವ ಹೆದರಿಕೆಗೂ ಇರಲಿಲ್ಲ. ಮನೆಯ ಗಂಡಸು ಊರಲ್ಲಿದ್ದರೆ ಹಣ್ಣಿನ ಕೋಣೆಯ ಬಾಗಿಲನ್ನು ಅವನೇ ತೆರೆಯಬೇಕು. ಅದು ಆ ಮನೆಯ ಪದ್ಧತಿ.

ಅಂದು ತರಗತಿಯಲ್ಲಿ ಅಮೆರಿಕದ ಪಾಠ. ಗಾಜಿಪುರ ಬಡಾವಣೆಯ ಶುಭದಾ ಮೇಡಂ ಕಥೆ ಹೇಳಿದ ಹಾಗೆ ಹೇಳುತ್ತಿದ್ದರು. ಮೊದಲ ಮಹಾಯುದ್ಧ ಮುಗಿಯಿತು, ಹೆಂಗಸರಿಗೆ ಓಟು ಬಂತು. ಒಂದಷ್ಟು ವರ್ಷ ಮೋಟಾರು, ರೇಡಿಯೊ, ಕುಣಿತ. ಆಮೇಲೆ ಬ್ಯಾಂಕುಗಳು ಮುಳುಗಿ, ಜನ ತುತ್ತು ಬ್ರೆಡ್ಡಿಗೆ ಸಾಲು ನಿಂತರು. ಎರಡನೆಯ ಯುದ್ಧಕ್ಕೆ ಗಂಡಸರು ಹೋದಾಗ ಹೆಂಗಸರು ತಲೆಗೆ ಬಟ್ಟೆ ಕಟ್ಟಿ ಕಾರ್ಖಾನೆಯಲ್ಲಿ ವಿಮಾನ ಕಟ್ಟಿದರು.

"ಗಂಡಸರು ತಿರುಗಿ ಬಂದ ಮ್ಯಾಲ್ರೀ?" ಭಾಗಮ್ಮ ಕೇಳಿಯೇಬಿಟ್ಟಳು.

"ಸರ್ಕಾರ ಅವ್ರನ್ನ ಕಾಲೇಜಿಗೆ ಕಳಿಸ್ತು, ಮನಿ ಕಟ್ಟಾಕ ಸಾಲ ಕೊಡಿಸ್ತು. ಕರಿಯ ಸಿಪಾಯಿಗಳಿಗೆ ಅದೂ ಸರಿಯಾಗಿ ಸಿಗಲಿಲ್ಲ. ಹೆಂಗಸ್ರಿಗೆ, ಭಾಳ ಉಪಕಾರ ಆತು, ಇನ್ನ ಮನಿಗೆ ಹೋಗ್ರಿ ಅಂದ್ರು."

"ಹೋದ್ರೇನ್ರೀ?"

"ಭಾಳ ಮಂದಿ ಹೋದ್ರು, ಭಾಗಮ್ಮಾರ."

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದವಳಿಗೆ ಜೊಂಪು ಹತ್ತಿತು. ಕಪ್ಪು ಹೊಲಗಳ ನಡುವೆ ಬಸ್ಸು ನಿಂತಿತು. ತಲೆಗೆ ಬಟ್ಟೆ ಕಟ್ಟಿದ, ಯಂತ್ರದ ಎಣ್ಣೆ ಮೆತ್ತಿದ ಕೈಯ ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ. ಒಬ್ಬಳು ಪಕ್ಕದಲ್ಲಿ ಕೂತು, ಭಾಗಮ್ಮನ ಸೆರಗಿಗೆ ಹತ್ತಿದ, ಹಣ್ಣು ಮಾಗಿಸುವ ಹೊಗೆಯ ವಾಸನೆ ಹಿಡಿದು, "ನಿನ್ನ ಕೋಣಿ ಇನ್ನೂ ನಿನ್ನ ಹತ್ರ ಐತೇನವ್ವ?" ಎಂದಳು. ಅವರೆಲ್ಲರ ಮಡಿಲಲ್ಲೂ ವಿಮಾನದ ತಗಡುಗಳು ನಿದ್ದೆಹೋದ ಕೂಸುಗಳ ಹಾಗೆ ಮಲಗಿದ್ದವು. ಭಾಗಮ್ಮ ಉತ್ತರ ಕೊಡುವಷ್ಟರಲ್ಲಿ ಕಂಡಕ್ಟರ್ ಕಮಲಾಪುರ ಎಂದು ಕೂಗಿದ.

ಮನೆಗೆ ಬಂದರೆ ಗಂಡ ಒಂದು ದಿನ ಮುಂಚೆಯೇ ಬಂದಿದ್ದಾನೆ! ಕೊರಳಲ್ಲಿ ಹಾರ ಹಾಕಿಕೊಂಡು ಕೋಣೆಯ ಮುಂದೆ ನಿಂತಿದ್ದಾನೆ. ಪಕ್ಕದಲ್ಲಿ ಅತ್ತೆ ಮಾನಮ್ಮ, ತೆಂಗಿನಕಾಯಿ ಹಿಡಿದು. ಅವನನ್ನು ಕಂಡು ಭಾಗಮ್ಮನ ಕಣ್ಣು ತುಂಬಿತು. ಇಷ್ಟು ವರ್ಷ ಇದಕ್ಕೇ ಕಾದಿದ್ದಳಲ್ಲ.

"ಕೀಲಿ ಕೊಡು," ಎಂದಳು ಅತ್ತೆ. "ದೇಶ ಕಾಯ್ದು ಬಂದಾನ, ಬಾಗಿಲಾ ಅವನೇ ತೆರೀಲಿ."

ಒಳಗಿನ ಹೊಗೆ ಹೊರಹೋಗದಂತೆ ಬಾಗಿಲ ಸಂದಿಗೆ ಮೆತ್ತಿದ್ದ ಸಗಣಿಯ ಹತ್ತಿರ ಭಾಗಮ್ಮ ಮೂಗಿಟ್ಟಳು. ಒಳಗಿಂದ ಇನ್ನೂ ಹಸಿಗಾಯಿಯ ವಾಸನೆ.

"ಇನ್ನೂ ಮಾಗಿಲ್ರೀ ಅತ್ತಿ. ಈಗ ತೆರೆದ್ರ ಮಾಲೆಲ್ಲ ಹಾಳು."

"ಶಾಸ್ತ್ರಕ್ಕ ಒಂದೀಟು ತೆರೆದ್ರ ಏನಾಗ್ತದ?"

ಈಗ ಹೇಳದಿದ್ದರೆ ಜನ್ಮದಲ್ಲಿ ಹೇಳುವುದಿಲ್ಲ ಎಂದು ಭಾಗಮ್ಮನಿಗೆ ಗೊತ್ತಿತ್ತು. ಗಂಡನ ಕಡೆ ತಿರುಗಿದಳು.

"ಮಾಗಿದ ಮ್ಯಾಲೂ ಕೀಲಿ ಕೊಡಂಗಿಲ್ರೀ. ನೀವು ಬಂದೀರಿ, ನನ್ನ ಜೀವ ಬಂದಂಗ ಆಗ್ಯದ. ಆದ್ರ ಈ ಕೋಣಿ ನಂದು."

ಮಾನಮ್ಮ ತೆಂಗಿನಕಾಯಿ ಕೆಳಗಿಟ್ಟಳು. ವಿವೇಕಾನಂದ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಿಟ್ಟಾಗುತ್ತಾನೆಂದು ಭಾಗಮ್ಮ ಸೆರಗು ಬಿಗಿ ಹಿಡಿದಿದ್ದಳು. ಅವನು ಸಿಟ್ಟಾಗಲಿಲ್ಲ. ದಾರಿ ತಪ್ಪಿದವನ ಹಾಗೆ ಅಂಗಳದ ಸುತ್ತ ಒಮ್ಮೆ ನೋಡಿದ.

"ಹಂಗಾರ ನಾ ಏನು ಮಾಡ್ಲಿ, ಭಾಗಿ?"

ಅವನಿಗೂ ಹೆದರಿಕೆ ಇದೆಯೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವನ ಕೈ ಹಿಡಿದು ಬಾಗಿಲ ಹತ್ತಿರ ಕರೆದೊಯ್ದಳು.

"ಇಲ್ಲಿ ಮೂಗು ಇಡ್ರಿ," ಎಂದಳು. "ಮೊದ್ಲು ವಾಸನಿ ಕಲೀರಿ."