ಎಟುಕದ ಮನೆಯ ರಾಜ

ಬಾಮೈದ ನಡುವಿನ ಕಾಲಾಳುಗಳನ್ನು ಮುಟ್ಟಲೇ ಇಲ್ಲ. ಪಕ್ಕದ ಒಂಟೆಯ ಮುಂದಿದ್ದ ಕಾಲಾಳನ್ನು ಎರಡು ಮನೆ ನೂಕಿ ಗಡಿಯಾರ ಒತ್ತಿದ.

"ಏನಪ್ಪಾ, ಹಿತ್ತಿಲ ಬಾಗಿಲಿಂದ ಬರ್ತಿದೀಯ?" ಅಂದ ಭಾವ.

"ಮುಂಬಾಗಿಲಲ್ಲಿ ನೀವು ಕೂತಿದೀರಲ್ಲ ಭಾವ."

ಸಂಘದ ಸಭಾಂಗಣದಲ್ಲಿ ಚೆಸ್ ಫೈನಲ್. ಸುತ್ತ ನಿಂತವರೆಲ್ಲ ಇವರಿಬ್ಬರ ಕ್ಷೌರದಂಗಡಿಯ ಗಿರಾಕಿಗಳು. ಅಲ್ಲಿ ಜನ ಕಾಯುವುದು ಭಾವನ ಕುರ್ಚಿಗೆ. ಬಾಮೈದನ ಕುರ್ಚಿಯಲ್ಲಿ ನೊಣ ಕೂರುತ್ತದೆ. ಆದರೆ ಅವನಿಗೊಂದು ಗುಟ್ಟು ಗೊತ್ತಿತ್ತು. ಅಕ್ಕನೇ ಅತ್ತುಕೊಂಡು ಹೇಳಿದ್ದಳು: ಭಾವನ ಎರಡೂ ಕೈ ನಡುಗುತ್ತವೆ. ಒಂದು ಕೈ ಇನ್ನೊಂದರ ಮಣಿಕಟ್ಟು ಹಿಡಿದು, ಕಿರುಬೆರಳು ಗಿರಾಕಿಯ ದವಡೆಗೆ ಊರಿದರೆ ಕತ್ತಿ ಅಲ್ಲಾಡದು. ಇವತ್ತಿಗೂ ಯಾರ ಕೆನ್ನೆಗೂ ಗೀರು ಬಿದ್ದಿಲ್ಲ. ಗಿರಾಕಿಗಳಿಗೆ ಗೊತ್ತಾದರೆ ಮಾತ್ರ ಕುರ್ಚಿ ಹೋಯಿತು.

ಚೆಸ್ಸಿನಲ್ಲಿ ಕಾಯಿ ನಡೆಸುವುದು ಒಂದೇ ಕೈಯಲ್ಲಿ. ಹಿಂದಿನ ಸುತ್ತುಗಳಲ್ಲಿ ಭಾವ ನಡುವೆ ನುಗ್ಗಿ, ಕಾಯಿಗೆ ಕಾಯಿ ಕಡಿದು, ಬರಿದಾದ ಮಣೆಯ ಅಂಚಿಗೆ ಮೊಣಕೈ ಊರಿ ಗೆದ್ದಿದ್ದ. ಬಾಮೈದ ಕಡಿಯಲು ಬಿಡಲಿಲ್ಲ. ಪಕ್ಕದಿಂದ ತೆವಳಿದ, ಒಂಟೆಯನ್ನು ಮೂಲೆಯ ರಾಜನ ಮುಂದೆ ಅಡಗಿಸಿದ. ಮಣೆ ಸಂತೆಯಂತೆ ತುಂಬಿಯೇ ಉಳಿಯಿತು, ಮೊಣಕೈ ಊರಲು ಜಾಗವಿಲ್ಲ. ಕೊನೆಗೆ ಬೇಕೆಂದೇ ಆ ಒಂಟೆಯನ್ನು ಬೇರೆಡೆ ಸರಿಸಿ, ಮೂಲೆಯಲ್ಲಿದ್ದ ತನ್ನ ರಾಜನನ್ನು ಬಯಲು ಮಾಡಿದ.

ಭಾವ ತನ್ನ ಮಂತ್ರಿಯನ್ನು ಆ ಕಡೆಯ ಮೂಲೆಗೆ, ರಾಜನ ಪಕ್ಕಕ್ಕೆ ಒಯ್ದರೆ ಆಟ ಮುಗಿಯಿತು. ಕೈಯನ್ನು ಪೂರ್ತಿ ಚಾಚಬೇಕು, ಅಷ್ಟೇ. ಭಾವನಿಗೆ ಗೆಲುವು, ಬಲೆ ಎರಡೂ ಕಂಡವು. ಹತ್ತಿರದ ಕಾಲಾಳೊಂದನ್ನು ಸರಿಸಿ ಸುಮ್ಮನಿರಬಹುದಿತ್ತು.

"ಕಾಣಲಿಲ್ವಾ ಭಾವ? ಬಿಡಿ, ವಯಸ್ಸು."

ಭಾವ ಕೈ ಚಾಚಿದ. ಬೆರಳು ಪಟಪಟನೆ ಅದುರಿ ಕುದುರೆ ಬಿತ್ತು, ಆನೆ ಉರುಳಿತು. ಬಿದ್ದವನ್ನೆಲ್ಲ ಅದೇ ಕೈಯಲ್ಲಿ ಎತ್ತಿ ನಿಲ್ಲಿಸಿ, ಮಂತ್ರಿಯನ್ನು ರಾಜನ ಪಕ್ಕಕ್ಕೆ ಇಟ್ಟ.

"ಗೆದ್ರಿ," ಅಂದ ಬಾಮೈದ. ಆಮೇಲೆ ಸುತ್ತಲಿನವರಿಗೆ, "ನಾಳೆ ಈ ಕೈಗೆ ಮೊದಲು ಯಾರು ಕತ್ತು ಕೊಡ್ತೀರ?"

ವರ್ಷಾನುಗಟ್ಟಲೆ ಅದೇ ಕೈಗೆ ಕತ್ತು ಕೊಟ್ಟಿದ್ದ ದರ್ಜಿ ತನ್ನ ಗಂಟಲು ಸವರಿಕೊಂಡ. ಉಳಿದವರು ಒಂದು ಹೆಜ್ಜೆ ಹಿಂದೆ ಸರಿದರು. ಥೂ.

ಬೆಳಿಗ್ಗೆ ಅಂಗಡಿಯಲ್ಲಿ ಭಾವ ಗೆದ್ದ ಕಪ್ ಕನ್ನಡಿಯ ಪಕ್ಕ ಹೊಳೆಯುತ್ತಿತ್ತು. ಬೆಂಚು ತುಂಬ ಜನ, ಎಲ್ಲರೂ ಬಾಮೈದನ ಕುರ್ಚಿಗೆ. ದರ್ಜಿಯ ಕೊರಳಿಗೆ ಬಟ್ಟೆ ಸುತ್ತಿ ಅವನು ಬ್ರಷ್ಷು, ಬಟ್ಟಲು ಭಾವನ ಕಡೆ ನೀಡಿದ.

"ನೊರೆ ಬರಿಸಿಕೊಡಿ ಭಾವ. ಅದಕ್ಕೆ ನಿಮ್ಮ ಕೈನೇ ಸರಿ."

ಬೆಂಚು ನಕ್ಕಿತು. ನೊರೆ ಚೆನ್ನಾಗಿಯೇ ಬಂತು.